ಬಾರದ ಸಿನಿಮಾಕ್ಕೆ ಮತ್ತೆ ಮತ್ತೆ ದುಡ್ಡು ಕೊಡೋದ್ಯಾಕೆ?

ಪ್ರಶ್ನೆ: ನನ್ನ ತಮ್ಮ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಚಿಕ್ಕಂದಿನಿಂದಲೂ ಅವನಿಗೆ ಬಾಹ್ಯಾಕಾಶದ ಇಂಗ್ಲಿಷ್ ಧಾರಾವಾಹಿಗಳ ಹುಚ್ಚು. ಅಂಥದ್ದೊಂದು ಧಾರಾವಾಹಿಯ ಅಭಿಮಾನಿಗಳು ತಾವೇ ಸಿನಿಮಾ ಮಾಡ್ತೀವಿ ಅಂತ ಆನ್‌ಲೈನ್‌ನಲ್ಲಿ ದುಡ್ಡು ಎತ್ತುತ್ತಿದ್ದಾರೆ. ಇವನು ಹಲವು ಸಲ ಡಾಲರ್ ಕಳಿಸಿದ್ದಾನೆ. ಸಿನಿಮಾ ಬರಬೇಕಿದ್ದ ದಿನ ಕಳೆದು ವರ್ಷಗಳಾದವು. ಕೊಡ್ತೀವಿ ಅಂದಿದ್ದ ಟೀ ಶರ್ಟೂ ಬಂದಿಲ್ಲ. ಆದರೂ ಹೊಸದಾಗಿ ಕೇಳಿದಾಗ ಮತ್ತೆ ಕಳಿಸುತ್ತಾನೆ. ಕೇಳಿದರೆ ‘ಅಕ್ಕಾ, ನಿಂಗೆ ಅರ್ಥ ಆಗಲ್ಲ ಬಿಡು’ ಅಂತಾನೆ. ತರಕಾರಿಯವನ ಹತ್ತಿರ ಐದು ರೂಪಾಯಿಗೆ ಚೌಕಾಶಿ ಮಾಡುವವನು ಇಲ್ಲಿ ಯಾಕೆ ಹೀಗೆ?
– ಹೆಸರು ಬೇಡ, ಮೈಸೂರು

ಉತ್ತರ: ನಿಮ್ಮ ತಮ್ಮ ದಡ್ಡನಲ್ಲ ಅನ್ನೋದು ನಿಮಗೇ ಗೊತ್ತಿದೆ. ನಿಮ್ಮ ತಲೆಬಿಸಿಗೂ ಅದೇ ಕಾರಣ. ಅವನು ಏನನ್ನೂ ನೋಡದೆ ದುಡ್ಡು ಕೊಡುತ್ತಿಲ್ಲ. ಏನೋ ಒಂದನ್ನು ನೋಡಿಯೇ ನಂಬಿದ್ದಾನೆ. ಅವನು ನೋಡಿದ್ದು ಏನು, ಅದರಿಂದ ನಿಜವಾಗಿ ಏನು ಗೊತ್ತಾಗುತ್ತದೆ ಅನ್ನೋದೇ ಇಲ್ಲಿನ ವಿಷಯ.

ಅದು ಯಾವ ಸಿನಿಮಾ ಅಂತ ನೀವು ಬರೆದಿಲ್ಲ. ಹಾಗಾಗಿ ಈ ಬಗೆಯಲ್ಲಿ ಎಲ್ಲಕ್ಕಿಂತ ಜಾಸ್ತಿ ಸದ್ದು ಮಾಡಿದ ‘ಆಕ್ಸನಾರ್’ ಎಂಬ ಸ್ಟಾರ್ ಟ್ರೆಕ್ ಅಭಿಮಾನಿ ಸಿನಿಮಾದ ಪ್ರಕರಣವನ್ನೇ ಹೇಳುತ್ತೇನೆ. ‘ಸ್ಟಾರ್ ಟ್ರೆಕ್’ 1966ರಲ್ಲಿ ಅಮೆರಿಕದ ಟಿವಿಯಲ್ಲಿ ಶುರುವಾದ ಧಾರಾವಾಹಿ. ಅದರ ಅಭಿಮಾನಿಗಳು ದಶಕಗಳಿಂದ ತಮ್ಮದೇ ಖರ್ಚಿನಲ್ಲಿ, ಆ ಲೋಕದ ಪಾತ್ರಗಳನ್ನು ಇಟ್ಟುಕೊಂಡು ಚಿಕ್ಕಪುಟ್ಟ ಸಿನಿಮಾ ಮಾಡುತ್ತಾ ಬಂದಿದ್ದಾರೆ. ಹಕ್ಕು ಹೊಂದಿರುವ ಕಂಪನಿಗಳೂ ಬಹುಕಾಲ ಸುಮ್ಮನಿದ್ದವು. 2014ರಲ್ಲಿ ಅಲೆಕ್ ಪೀಟರ್ಸ್ ಎಂಬ ನಿರ್ಮಾಪಕರ ತಂಡ ಜನರಿಂದ ದುಡ್ಡು ಎತ್ತುವ ಕಿಕ್‌ಸ್ಟಾರ್ಟರ್ ಎಂಬ ಜಾಲತಾಣದಲ್ಲಿ ಸುಮಾರು 1 ಲಕ್ಷ ಡಾಲರ್ ಎತ್ತಿ ‘ಪ್ರಿಲ್ಯೂಡ್ ಟು ಆಕ್ಸನಾರ್’ ಎಂಬ ಇಪ್ಪತ್ತು ನಿಮಿಷದ ಕಿರುಚಿತ್ರ ಮಾಡಿತು.

ಈ ಕಿರುಚಿತ್ರ ಚೆನ್ನಾಗಿತ್ತು. ಅಭಿಮಾನಿಗಳ ಸಿನಿಮಾ ಅಂದರೆ ರಟ್ಟಿನ ಗೋಡೆ, ಸರಿಯಾಗಿ ಕೇಳಿಸದ ಮಾತು, ಡೈಲಾಗ್ ಒಪ್ಪಿಸುವ ಗೆಳೆಯರು ಅಂದುಕೊಂಡವರಿಗೆ ಆಶ್ಚರ್ಯ ಕಾದಿತ್ತು. ಇದು ಸಾಕ್ಷ್ಯಚಿತ್ರದ ಧಾಟಿಯಲ್ಲಿದೆ. ಹಳೆಯ ಸೇನಾಧಿಕಾರಿಗಳು ಕ್ಯಾಮೆರಾ ಎದುರು ಕೂತು, ಮುಗಿದುಹೋದ ಒಂದು ಯುದ್ಧದ ನೆನಪು ಹೇಳುತ್ತಾರೆ. ನಡುನಡುವೆ ಆಕಾಶನೌಕೆಗಳ ಕಾಳಗ. ಟೋನಿ ಟಾಡ್, ಜೆ.ಜಿ. ಹರ್ಟ್ಜ್‌ಲರ್, ಗ್ಯಾರಿ ಗ್ರಹಾಂ ಅವರಂಥ, ಹಿಂದೆ ಅಸಲಿ ಸ್ಟಾರ್ ಟ್ರೆಕ್ ಧಾರಾವಾಹಿಗಳಲ್ಲೇ ನಟಿಸಿದ್ದವರು ಇದರಲ್ಲಿದ್ದರು. ಕೂತು ಮಾತಾಡುವ ದೃಶ್ಯಗಳಿಗೆ ದೊಡ್ಡ ಸೆಟ್ ಬೇಡ. ಒಳ್ಳೆಯ ನಟ, ಒಳ್ಳೆಯ ಲೈಟಿಂಗ್ ಇದ್ದರೆ ಸಾಕು. ಕಡಿಮೆ ದುಡ್ಡಿನಲ್ಲಿ ದುಬಾರಿ ಕಾಣುವ ಉಪಾಯ ಅದು. ನನ್ನ ಮಟ್ಟಿಗೆ ಜಾಣ ಕೆಲಸ.

ನಂಬಿಕೆ ಹುಟ್ಟಿದ್ದೂ ಅಲ್ಲೇ, ಜನ ಎಡವಿದ್ದೂ ಅಲ್ಲೇ. ಕಿರುಚಿತ್ರ ನೋಡಿದವರು ‘ಇವರಿಗೆ ಸಿನಿಮಾ ಮಾಡೋಕೆ ಬರುತ್ತೆ’ ಅಂದುಕೊಂಡರು. ಅದು ನಿಜವೇ. ಆದರೆ ಅದರ ಬಾಲ ಹಿಡಿದು ‘ಇವರು ಹತ್ತು ಪಟ್ಟು ದುಡ್ಡನ್ನೂ ಸರಿಯಾಗಿ ನಿಭಾಯಿಸುತ್ತಾರೆ’ ಎಂಬ ಇನ್ನೊಂದು ತೀರ್ಮಾನ ಬಂತು. ಅದಕ್ಕೆ ಯಾವ ಪುರಾವೆಯೂ ಇರಲಿಲ್ಲ. ಇಪ್ಪತ್ತು ನಿಮಿಷದ ಸಿನಿಮಾ ನೋಡಿದರೆ ಕ್ಯಾಮೆರಾಮನ್ ಗೊತ್ತಾಗುತ್ತಾನೆ. ಲೆಕ್ಕ ಯಾರು ಬರೆಯುತ್ತಾರೆ, ಚೆಕ್‌ಗೆ ಎಷ್ಟು ಜನ ಸಹಿ ಹಾಕುತ್ತಾರೆ, ದುಡ್ಡು ಮುಗಿದರೆ ಏನು ಅನ್ನೋದು ಅದರಲ್ಲಿ ಕಾಣಿಸಲ್ಲ. ಪೂರ್ತಿ ಸಿನಿಮಾಕ್ಕೆ ಅಂತ ಅದೇ ವರ್ಷ ಮತ್ತೆ ಕಿಕ್‌ಸ್ಟಾರ್ಟರ್‌ಗೆ ಬಂದರು. ಗುರಿ 1 ಲಕ್ಷ ಡಾಲರ್, ಬಂದಿದ್ದು 6 ಲಕ್ಷ 38 ಸಾವಿರ. 2015ರಲ್ಲಿ ಅಂಥದ್ದೇ ಇನ್ನೊಂದು ಜಾಲತಾಣವಾದ ಇಂಡಿಗೋಗೋದಲ್ಲಿ ಇನ್ನೂ 5 ಲಕ್ಷ 70 ಸಾವಿರದ ಹತ್ತಿರ. ಕ್ಯಾಲಿಫೋರ್ನಿಯಾದ ವೆಲೆನ್ಸಿಯಾದಲ್ಲಿ ಒಂದು ಗೋದಾಮು ಬಾಡಿಗೆಗೆ ಹಿಡಿದು ಸ್ಟುಡಿಯೊ ಮಾಡಲು ಹೊರಟರು. ಸಿನಿಮಾಕ್ಕೆ ಅಂತ ಬಂದ ದುಡ್ಡಿನಲ್ಲಿ ದೊಡ್ಡ ಪಾಲು ಕಟ್ಟಡಕ್ಕೆ ಹೋಗುವುದು, ನಿರ್ಮಾಪಕರಿಗೂ ಅದರಲ್ಲೇ ಸಂಬಳ, ಇವೆಲ್ಲ ಕದ್ದುಮುಚ್ಚಿ ನಡೆದದ್ದಲ್ಲ. ಸಂಬಳದ ವಿಷಯ ಅವರದೇ ವಾರ್ಷಿಕ ವರದಿಯಲ್ಲಿತ್ತು. ಆದರೂ ಬಹಳ ಜನಕ್ಕೆ ಅದು ಎಚ್ಚರಿಕೆಯ ಗಂಟೆಯಾಗಿ ಕೇಳಿಸಲಿಲ್ಲ.

ಯಾಕೆ ಅಂದರೆ, ಅಭಿಮಾನಿಗೆ ತಲುಪುವುದು ವರದಿಯಲ್ಲ, ಫೋಟೊ. ಇಂಥ ಅಭಿಯಾನಗಳು ಕಳಿಸುವ ‘ಅಪ್‌ಡೇಟ್’ಗಳನ್ನು ಒಂದು ಸಲ ತಮ್ಮನ ಪಕ್ಕ ಕೂತು ಓದಿ. ಅರ್ಧ ಬಣ್ಣ ಹೊಡೆದ ಪ್ಲೈವುಡ್ ಗೋಡೆ. ಅದರ ಮುಂದೆ ಕ್ಯಾಪ್ಟನ್ನನ ಕುರ್ಚಿ. ನೆಲದ ಮೇಲೆ ವೈರು, ಎಲ್‌ಇಡಿ ಪಟ್ಟಿ. ಸ್ಕ್ರೂಡ್ರೈವರ್ ಹಿಡಿದು ನಗುತ್ತಿರುವ ಸ್ವಯಂಸೇವಕರು. ‘ನೀವಿಲ್ಲದೆ ಇದು ಸಾಧ್ಯವಿರಲಿಲ್ಲ’ ಅಂತ ಒಂದು ಸಾಲು. ಚಿಕ್ಕಂದಿನಿಂದ ಟಿವಿಯಲ್ಲಿ ನೋಡಿದ ಆ ಕುರ್ಚಿ ತನ್ನ ಐವತ್ತು ಡಾಲರಿನಿಂದ ಎದ್ದು ನಿಂತಿದೆ ಅನ್ನಿಸಿದರೆ ಯಾರಿಗೆ ಖುಷಿ ಆಗಲ್ಲ ಹೇಳಿ? ಸೆಟ್‌ಗೆ ಎಷ್ಟು ಖರ್ಚಾಯ್ತು, ಇನ್ನೆಷ್ಟು ಉಳಿದಿದೆ ಅಂತ ಆ ಪೋಸ್ಟಿನಲ್ಲಿ ಹುಡುಕಿ ನೋಡಿ. ಸಾಮಾನ್ಯವಾಗಿ ಸಿಗಲ್ಲ. ನಮ್ಮ ಬೀದಿಯ ಗಣೇಶನ ಚಂದಾ ಥರಾನೇ: ಪೆಂಡಾಲ್ ಚೆನ್ನಾಗಿದ್ದರೆ ಲೆಕ್ಕ ಕೇಳುವವನೇ ಕೆಟ್ಟವನಾಗುತ್ತಾನೆ.

ಇನ್ನೊಂದು ವಿಷಯ, ನಿಮ್ಮ ತಮ್ಮ ಬರೀ ಸಿನಿಮಾ ಕೊಂಡಿಲ್ಲ. ತನ್ನಂಥ ಹುಚ್ಚಿರುವ ಸಾವಿರಾರು ಜನರ ಜತೆ ಒಂದು ಜಾಗ ಕೊಂಡಿದ್ದಾನೆ. ಅದು ಅವನಿಗೆ ದುಡ್ಡು ಕೊಟ್ಟ ದಿನವೇ ಸಿಕ್ಕಿದೆ. ಅದಕ್ಕೇ ‘ಸಿನಿಮಾ ಬಂದಿಲ್ವಲ್ಲ’ ಅಂತ ನೀವು ಹೇಳಿದರೆ, ಅವನ ಲೆಕ್ಕದಲ್ಲಿ ಅದು ಅರ್ಧ ಸತ್ಯ. ಅಭಿಮಾನಿಗಳನ್ನೇ ದೇವರು ಅಂತ ಕರೆದ ಡಾ. ರಾಜ್‌ಕುಮಾರ್ ಅವರ ನಾಡಿನವರು ನಾವು. ಅಭಿಮಾನ ಲಾಭ ನಷ್ಟ ನೋಡಲ್ಲ ಅನ್ನೋದನ್ನು ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಹಾಗಿದ್ದರೂ ಮತ್ತೆ ಮತ್ತೆ ಕೊಡೋದು ಯಾಕೆ? 1985ರಲ್ಲಿ ಹಾಲ್ ಆರ್ಕ್ಸ್ ಮತ್ತು ಕ್ಯಾಥರೀನ್ ಬ್ಲೂಮರ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಪ್ರಕಟಿಸಿದರು. ಅಮೆರಿಕದ ಒಹಾಯೊದಲ್ಲಿ ವಿಶ್ವವಿದ್ಯಾಲಯವೊಂದರ ನಾಟಕಗಳಿಗೆ ವರ್ಷಪೂರ್ತಿಯ ಟಿಕೆಟ್ ಕೊಳ್ಳಲು ಬಂದವರಲ್ಲಿ ಕೆಲವರಿಗೆ ಪೂರ್ತಿ ಬೆಲೆಗೆ, ಅಂದರೆ 15 ಡಾಲರಿಗೆ ಕೊಟ್ಟರು. ಕೆಲವರಿಗೆ ಕೇಳದೆಯೇ 2 ಡಾಲರ್ ಬಿಟ್ಟರು, ಇನ್ನು ಕೆಲವರಿಗೆ 7 ಡಾಲರ್. ನಾಟಕಗಳು ಅವೇ, ಸೀಟೂ ಅದೇ. ಆದರೆ ವರ್ಷದ ಮೊದಲ ಅರ್ಧದಲ್ಲಿ, ಪೂರ್ತಿ ಬೆಲೆ ತೆತ್ತವರೇ ಜಾಸ್ತಿ ನಾಟಕ ನೋಡಲು ಬಂದರು. ಹೋದ ದುಡ್ಡು ಹೇಗಿದ್ದರೂ ವಾಪಸ್ ಬರಲ್ಲ, ಆದರೂ ಅದು ನಮ್ಮನ್ನು ಎಳೆಯುತ್ತದೆ. ನಿಮ್ಮ ತಮ್ಮ ಮುಂದಿನ ಕಂತು ಕೊಡುವಾಗ ಮೊದಲಿನದನ್ನು ಉಳಿಸಿಕೊಳ್ಳಲು ನೋಡುತ್ತಿದ್ದಾನೆ. ‘ಇಷ್ಟು ದೂರ ಬಂದಾಯ್ತು, ಇನ್ನು ಸ್ವಲ್ಪ ತಾನೇ’ ಅನ್ನುವ ಮಾತು ಅವನ ಬಾಯಲ್ಲಿ ಕೇಳಿದ್ದೀರಾ?

ಆಕ್ಸನಾರ್‌ನಲ್ಲಿ ಇದಕ್ಕೆ ಇನ್ನೊಂದು ತಿರುವು ಸೇರಿತು. 2015ರ ಡಿಸೆಂಬರ್ ಕೊನೆಯಲ್ಲಿ ಹಕ್ಕುದಾರರಾದ ಪ್ಯಾರಾಮೌಂಟ್ ಮತ್ತು ಸಿಬಿಎಸ್ ಕಂಪನಿಗಳು ಹಕ್ಕುಸ್ವಾಮ್ಯ ಉಲ್ಲಂಘನೆ ಅಂತ ಕೋರ್ಟಿಗೆ ಹೋದವು. ಮಾಮೂಲಿ ವ್ಯವಹಾರವಾಗಿದ್ದರೆ ಇಂಥ ಸುದ್ದಿ ಕೇಳಿದ ಕೂಡಲೇ ಜನ ಹಿಂದೆ ಸರಿಯುತ್ತಾರೆ. ಇಲ್ಲಿ ಹಲವರು ಇನ್ನೂ ಗಟ್ಟಿಯಾಗಿ ಅಂಟಿಕೊಂಡರು. ಯಾಕೆ ತಡ ಅನ್ನೋದಕ್ಕೆ ಈಗ ಒಂದು ಉತ್ತರ ಸಿಕ್ಕಿತು, ಬೈಯುವುದಕ್ಕೆ ಒಬ್ಬ ಶ್ರೀಮಂತ ಎದುರಾಳಿಯೂ ಸಿಕ್ಕ. ದೊಡ್ಡ ಕಂಪನಿ ಎದುರು ಸಣ್ಣ ಅಭಿಮಾನಿ ಅನ್ನುವ ಕಥೆ ಒಮ್ಮೆ ತಲೆಗೆ ಹೊಕ್ಕರೆ ‘ದುಡ್ಡು ಎಲ್ಲಿ ಹೋಯ್ತು’ ಅಂತ ಕೇಳಿದವನೂ ಕಂಪನಿ ಕಡೆಯವನಂತೆ ಕಾಣುತ್ತಾನೆ. 2016ರ ಮೇ ತಿಂಗಳಲ್ಲಿ ಸ್ಟಾರ್ ಟ್ರೆಕ್ ಸಿನಿಮಾಗಳ ನಿರ್ಮಾಪಕ ಜೆ.ಜೆ. ಏಬ್ರಮ್ಸ್ ಅವರೇ ವೇದಿಕೆ ಮೇಲೆ ಕೇಸು ಬೇಗ ಮುಗಿಯುತ್ತದೆ ಅಂದಾಗ ಗೆದ್ದೆವು ಅಂದುಕೊಂಡವರು ಬಹಳ. ಕೇಸು ಮುಗಿಯಲಿಲ್ಲ. 2017ರ ಜನವರಿ ಮೊದಲ ವಾರದಲ್ಲಿ ನ್ಯಾಯಾಧೀಶರು, ಇದಕ್ಕೆ ನ್ಯಾಯಯುತ ಬಳಕೆಯ (ಬೇರೆಯವರ ಕೃತಿಯನ್ನು ಕೆಲವು ಸಂದರ್ಭದಲ್ಲಿ ಅನುಮತಿ ಇಲ್ಲದೆ ಬಳಸಲು ಕಾನೂನು ಕೊಡುವ ವಿನಾಯಿತಿ) ರಕ್ಷಣೆ ಸಿಗಲ್ಲ ಅಂದರು. ಸ್ಟಾರ್ ಟ್ರೆಕ್ ಹೆಸರಿನ ಬಲದಿಂದ ಅಷ್ಟು ದುಡ್ಡು ಎತ್ತಿದ್ದೇ ಒಂದು ಲಾಭ ಅನ್ನುವುದೂ ಅವರ ಕಾರಣಗಳಲ್ಲಿ ಒಂದು. ಅದೇ ತಿಂಗಳು ರಾಜಿಯಾಯಿತು. ಹದಿನೈದು ಹದಿನೈದು ನಿಮಿಷದ ಎರಡು ಭಾಗ ಮಾಡಬಹುದು, ಸಾರ್ವಜನಿಕವಾಗಿ ದುಡ್ಡು ಎತ್ತುವಂತಿಲ್ಲ. ಸಾವಿರಾರು ಜನ ದುಡ್ಡು ಕೊಟ್ಟಿದ್ದ ಪೂರ್ಣ ಪ್ರಮಾಣದ ಸಿನಿಮಾದ ಕಥೆ ಅಲ್ಲಿಗೆ ಮುಗಿಯಿತು.

ಆದರೆ ಒಂದು ಮಾತು. ಕೋರ್ಟಿನಲ್ಲಿದ್ದದ್ದು ಹಕ್ಕುಸ್ವಾಮ್ಯದ ಕೇಸು. ಯಾರೋ ವಂಚನೆ ಮಾಡಿದರು ಅಂತ ಅಲ್ಲಿ ಯಾರೂ ತೀರ್ಪು ಕೊಟ್ಟಿಲ್ಲ. ತಮ್ಮನ ಹತ್ತಿರ ಮಾತಾಡುವಾಗ ‘ಮೋಸ’ ಅನ್ನುವ ಪದದಿಂದ ಶುರು ಮಾಡಬೇಡಿ ಅಂತ ನಾನು ಹೇಳುವುದೂ ಇದಕ್ಕೇ. ಮೋಸ ಇಲ್ಲದೆಯೂ ದುಡ್ಡು ಕರಗುತ್ತದೆ. ಅವನನ್ನು ಬೈದರೆ ಆ ಗುಂಪಿನ ಕಡೆಗೆ ಇನ್ನಷ್ಟು ತಳ್ಳಿದಂತೆ. ಬದಲಿಗೆ ‘ಇಲ್ಲಿವರೆಗೂ ಬಂದ ದುಡ್ಡೆಷ್ಟು, ಖರ್ಚಾಗಿದ್ದೆಷ್ಟು, ಅವರನ್ನೇ ಕೇಳಿ ನಂಗೂ ಹೇಳು’ ಅನ್ನಿ. ಅವನೇ ಬರೆದು ಕೇಳಲಿ. ನೆಟ್ಟಗೆ ಉತ್ತರ ಬಂದರೆ ಒಳ್ಳೆಯದೇ. ಉತ್ತರದ ಬದಲು ‘ನಮ್ಮ ಮೇಲೆ ನಂಬಿಕೆ ಇಲ್ವಾ’ ಅಂತ ಬಂದರೆ, ಐದು ರೂಪಾಯಿಗೆ ಚೌಕಾಶಿ ಮಾಡುವ ನಿಮ್ಮ ತಮ್ಮನಿಗೆ ಮುಂದಿನದು ತಾನಾಗಿ ಹೊಳೆಯುತ್ತದೆ.

ಪ್ರಶ್ನೆ: ಹಾಗಾದರೆ ಜನರಿಂದ ದುಡ್ಡು ಎತ್ತಿ ಸಿನಿಮಾ ಮಾಡೋದೇ ತಪ್ಪಾ? ನಮ್ಮ ‘ಲೂಸಿಯಾ’ ಕೂಡ ಹಾಗೇ ಬಂದಿದ್ದಲ್ವಾ?
– ಸಿನಿಮಾ ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ಖಂಡಿತ ತಪ್ಪಲ್ಲ. 2013ರ ‘ಲೂಸಿಯಾ’ಕ್ಕೆ ನಿರ್ದೇಶಕ ಪವನ್ ಕುಮಾರ್ ಆನ್‌ಲೈನ್‌ನಲ್ಲಿ ಸುಮಾರು 50 ಲಕ್ಷ ರೂಪಾಯಿ ಎತ್ತಿದರು, ಕೊಟ್ಟವರು 110 ಜನ. ಸಿನಿಮಾ ಬಂತು, ಲಂಡನ್ನಿನ ಭಾರತೀಯ ಚಿತ್ರೋತ್ಸವದಲ್ಲಿ ಪ್ರೇಕ್ಷಕರ ಪ್ರಶಸ್ತಿಯನ್ನೂ ಪಡೆಯಿತು. ಆದರೆ ಒಂದು ದೊಡ್ಡ ವ್ಯತ್ಯಾಸ ಗಮನಿಸಿ. ‘ಲೂಸಿಯಾ’ದ ಕಥೆ ಪವನ್ ಅವರದೇ. ಟಾಕೀಸಿಗೆ ಬಿಡಬಹುದು, ಹಕ್ಕು ಮಾರಬಹುದು, ಯಾರೂ ಬಂದು ನಿಲ್ಲಿಸು ಅನ್ನುವಂತಿಲ್ಲ. ಫ್ಯಾನ್ ಫಿಲ್ಮ್, ಅಂದರೆ ಆಕ್ಸನಾರ್ ಥರದ ಅಭಿಮಾನಿ ಸಿನಿಮಾ ಮಾಡುವವನಿಗೆ ಇದ್ಯಾವುದೂ ಇಲ್ಲ. ಎಷ್ಟೇ ಪ್ರಾಮಾಣಿಕನಾಗಿದ್ದರೂ ಅವನು ಬೇರೆಯವರ ಸೈಟಿನಲ್ಲಿ ಮನೆ ಕಟ್ಟುತ್ತಿರುತ್ತಾನೆ.

ಹಾಗಂತ ಫ್ಯಾನ್ ಫಿಲ್ಮ್ ಎಲ್ಲವೂ ಅರ್ಧಕ್ಕೇ ನಿಲ್ಲುತ್ತವೆ ಅಂತಲೂ ಅಲ್ಲ. ‘ಸ್ಟಾರ್ ಟ್ರೆಕ್ ಕಂಟಿನ್ಯೂಸ್’ ಎಂಬ ಇನ್ನೊಂದು ತಂಡವೂ ಜನರಿಂದಲೇ ದುಡ್ಡು ಎತ್ತಿತು. 2013ರಿಂದ 2017ರವರೆಗೆ 11 ಕಂತು ಮಾಡಿ ಮುಗಿಸಿತು. ಅವರು ಮಾಡಿದ ಕಂತುಗಳನ್ನು ತೋರಿಸಿ, ಆಮೇಲೆ ಮುಂದಿನವಕ್ಕೆ ಕೈ ಚಾಚುತ್ತಿದ್ದರು. ಕೊಟ್ಟವರಿಗೆ ಪ್ರತಿ ಸಲವೂ ಹಿಂದಿನ ದುಡ್ಡು ಏನಾಯಿತು ಅಂತ ಕಣ್ಣೆದುರು ಕಾಣುತ್ತಿತ್ತು. ಈಗ ಸ್ಟಾರ್ ಟ್ರೆಕ್ ಫ್ಯಾನ್ ಫಿಲ್ಮ್‌ಗಳಿಗೆ ನಿಯಮವೂ ಇದೆ. 2016ರ ಜೂನ್‌ನಲ್ಲಿ ಹಕ್ಕುದಾರರು ಹೊರಡಿಸಿದ್ದು: ಒಂದು ಭಾಗ 15 ನಿಮಿಷ, ಎರಡು ಸೇರಿ 30 ನಿಮಿಷ ಮೀರಬಾರದು, 50 ಸಾವಿರ ಡಾಲರಿಗಿಂತ ಜಾಸ್ತಿ ಎತ್ತಬಾರದು, ಯಾರಿಗೂ ಸಂಬಳ ಕೊಡುವಂತಿಲ್ಲ. ಬಹಳ ಅಭಿಮಾನಿಗಳಿಗೆ ಇದು ಕಹಿ. ನನಗೂ 15 ನಿಮಿಷ ಜಿಪುಣತನ ಅನ್ನಿಸುತ್ತದೆ. ಸಂಬಳ ಮತ್ತು ಮಿತಿಯ ನಿಯಮ ಮಾತ್ರ ದುಡ್ಡು ಕೊಡುವವರಿಗೆ ಒಳ್ಳೆಯದೇ.

ಪ್ರಶ್ನೆ: ಕೊಟ್ಟ ದುಡ್ಡು ವಾಪಸ್ ಸಿಗುತ್ತಾ?
– ಓದುಗರು, ಹುಬ್ಬಳ್ಳಿ

ಉತ್ತರ: ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ಕಿಕ್‌ಸ್ಟಾರ್ಟರ್ ಅಂಗಡಿಯಲ್ಲ. ಒಪ್ಪಂದ ಇರುವುದು ನಿಮಗೂ ಸಿನಿಮಾ ಮಾಡುವವರಿಗೂ ನಡುವೆ, ಕಂಪನಿ ಅದರಲ್ಲಿ ಕೈ ಹಾಕಲ್ಲ. ಕಾನೂನಿನ ದಾರಿ ಇದೆ, ಆದರೆ ದೂರ. 2015ರಲ್ಲಿ ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಮೊದಲ ಸಲ ಇಂಥ ಪ್ರಕರಣಕ್ಕೆ ಕೈ ಹಾಕಿತು. ಅದು ಒಂದು ಬೋರ್ಡ್ ಗೇಮ್ ಮಾಡ್ತೀನಿ ಅಂತ 1,246 ಜನರಿಂದ 1 ಲಕ್ಷ 22 ಸಾವಿರ ಡಾಲರ್ ಎತ್ತಿ, ಅದನ್ನು ಮನೆ ಬಾಡಿಗೆಗೆ ಮತ್ತು ಸ್ವಂತ ಖರ್ಚಿಗೆ ಬಳಸಿಕೊಂಡ ಆರೋಪ. 1 ಲಕ್ಷ 11 ಸಾವಿರ ಡಾಲರಿನ ಆದೇಶವೇನೋ ಆಯಿತು. ಆದರೆ ಕಟ್ಟಲು ಅವರ ಹತ್ತಿರ ದುಡ್ಡಿಲ್ಲ ಅಂತ ಅದನ್ನು ಅಮಾನತಿನಲ್ಲಿಟ್ಟರು. ಕಾರ್ಡಿನಲ್ಲಿ ಕೊಟ್ಟಿದ್ದರೆ ಬ್ಯಾಂಕಿಗೆ ಚಾರ್ಜ್‌ಬ್ಯಾಕ್, ಅಂದರೆ ಆ ಪಾವತಿಯನ್ನು ರದ್ದು ಮಾಡಿ ದುಡ್ಡು ವಾಪಸ್ ಕೊಡಿಸಿ ಅಂತ ಕೇಳಬಹುದು, ಆದರೆ ಅದಕ್ಕೆ ಸಾಮಾನ್ಯವಾಗಿ ಕೆಲವೇ ತಿಂಗಳ ಗಡುವು. ಸಿನಿಮಾ ತಡವಾಗುತ್ತಾ ಆಗುತ್ತಾ ಆ ಗಡುವು ಕಳೆದೇ ಹೋಗಿರುತ್ತದೆ. ಹೇಳಿದ ತಾರೀಖು ದಾಟಿದ ಕೂಡಲೇ ಮೊದಲು ತಂಡಕ್ಕೆ ಒಂದು ಇಮೇಲ್ ಹಾಕಿ, ಅದರ ಪ್ರತಿ ಇಟ್ಟುಕೊಂಡು ಬ್ಯಾಂಕಿನವರನ್ನು ವಿಚಾರಿಸಿ.