ಸಂಪಾದಕರ ಉತ್ತರ: ಸೇತುವೆ ಕೆಳಗೆ ನುಸುಳಲೆಂದು ಕಟ್ಟಿದ ದೋಣಿ

ಶಿವಮೊಗ್ಗದ ಓದುಗರೊಬ್ಬರು ಬರೆದಿದ್ದಾರೆ: "ಡನ್‌ಕರ್ಕ್ ಲೇಖನದಲ್ಲಿ ಲಂಡನ್‌ನ ಅಗ್ನಿಶಾಮಕ ದೋಣಿಯೊಂದೂ ಯುದ್ಧಕ್ಕೆ ಹೋಗಿತ್ತು ಅಂತ ಒಂದೇ ಸಾಲು ಬರೆದು ಬಿಟ್ಟಿರಿ. ಬೆಂಕಿ ಆರಿಸುವ ದೋಣಿಗೆ ಅಲ್ಲೇನು ಕೆಲಸ? ಅದು ಈಗ ಎಲ್ಲಿದೆ?"

ನಮಸ್ಕಾರ. ನೀವು ಕೇಳಿದ್ದು ಸರಿ, ಆ ದೋಣಿಗೆ ಒಂದು ಸಾಲು ಸಾಲದು.

ಅದರ ಹೆಸರು ಮ್ಯಾಸಿ ಶಾ. 1861ರಿಂದ ಮೂವತ್ತು ವರ್ಷ ಲಂಡನ್ ಅಗ್ನಿಶಾಮಕ ದಳವನ್ನು ನಡೆಸಿದ ಐರ್ ಮ್ಯಾಸಿ ಶಾ ಅವರ ಹೆಸರನ್ನೇ ಇಟ್ಟರು. 1935ರಲ್ಲಿ ವೈಟ್ ದ್ವೀಪದ ಕೌಸ್‌ನಲ್ಲಿ ಕಟ್ಟಿದ್ದು. ಉದ್ದ 78 ಅಡಿ. ನೀರಿನೊಳಗೆ ಮುಳುಗುವುದು ನಾಲ್ಕು ಅಡಿಗೂ ಕಡಿಮೆ. ಥೇಮ್ಸ್ ನದಿಯಲ್ಲಿ ಸಮುದ್ರದ ಭರತ ಇಳಿತ ಎರಡೂ ಜೋರು. ಭರತದಲ್ಲಿ ಸೇತುವೆಗಳ ಕೆಳಗೆ ಜಾಗ ಸಾಲದು, ಇಳಿತದಲ್ಲಿ ದಡದ ತುಂಬ ಕೆಸರು. ಎರಡೂ ಹೊತ್ತಿನಲ್ಲಿ ಓಡಾಡಬೇಕೆಂದೇ ಅದನ್ನು ಇಷ್ಟು ತಗ್ಗಾಗಿ ಕಟ್ಟಿದ್ದು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅಗ್ನಿಶಾಮಕ ದೋಣಿ ನೀರಿನ ಟ್ಯಾಂಕು ಹೊತ್ತು ತಿರುಗುವುದಿಲ್ಲ. ಕೆಳಗಿನ ನದಿಯೇ ಅದರ ಟ್ಯಾಂಕು. ಮ್ಯಾಸಿ ಶಾ ಪಂಪುಗಳು ನಿಮಿಷಕ್ಕೆ ಸುಮಾರು 3000 ಗ್ಯಾಲನ್, ಅಂದರೆ 13,000 ಲೀಟರಿಗೂ ಜಾಸ್ತಿ ನೀರು ಎತ್ತುತ್ತಿದ್ದವು. ಕೆಲಸಕ್ಕೆ ಬಂದ ವರ್ಷವೇ ವಾಪಿಂಗ್‌ನ ಕಲೋನಿಯಲ್ ವಾರ್ಫ್ ಗೋದಾಮಿಗೆ ಬೆಂಕಿ ಬಿತ್ತು. ಒಳಗೆ ರಬ್ಬರ್. ಅಲ್ಲಿ ನದಿಯ ಕಡೆಯಿಂದ ಈ ದೋಣಿ ನೀರು ಸುರಿಯಿತು.

ಇನ್ನು ಡನ್‌ಕರ್ಕ್. 1940ರ ಮೇ ಕೊನೆ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಸೇನೆ ಸುತ್ತುವರಿದು, ಬ್ರಿಟನ್ ಮತ್ತು ಅದರ ಮಿತ್ರದೇಶಗಳ ಲಕ್ಷಗಟ್ಟಲೆ ಸೈನಿಕರು ಫ್ರಾನ್ಸಿನ ಈ ಕಡಲತೀರದಲ್ಲಿ ಸಿಕ್ಕಿಬಿದ್ದಿದ್ದರು. ಮೊದಲು ಈ ದೋಣಿಯನ್ನು ಕರೆದದ್ದು ಉರಿಯುವ ಹಡಗುಗಳಿಗೆ ನೀರು ಹೊಡೆಯಲು. ನದಿ ಬಿಟ್ಟು ಆಚೆ ಹೋಗದ ದೋಣಿ, ಅದರಲ್ಲಿ ದಿಕ್ಸೂಚಿಯೇ ಇರಲಿಲ್ಲ! ಒಂದನ್ನು ಕೊಂಡು ತಂದರು. ಉಕ್ಕಿನ ದೋಣಿಯಲ್ಲಿ ದಿಕ್ಸೂಚಿಯ ಮುಳ್ಳು ಅತ್ತಿತ್ತ ಎಳೆಯುತ್ತದೆ, ಅದನ್ನು ಸರಿಹೊಂದಿಸಬೇಕು. ಅದಕ್ಕೂ ಪುರುಸೊತ್ತಿರಲಿಲ್ಲ. ಹಾಗೇ ಹೊರಟರು. ದಾರಿಯಲ್ಲೇ ದೋಣಿಗೆ ಬೂದು ಬಣ್ಣ ಬಳಿದರು. ಅದನ್ನು ಹೊರಡಿಸಿದವರು ನೌಕಾಪಡೆಯವರಲ್ಲ, ಅಗ್ನಿಶಾಮಕ ದಳದವರೇ. ಓದಿದಾಗೆಲ್ಲ ನನಗೆ ಮೈ ಜುಂ ಎನ್ನುವುದು ಇಲ್ಲೇ.

ಅಲ್ಲಿ ಹೋದ ಮೇಲೆ ಕೆಲಸ ಬದಲಾಯಿತು. ದೊಡ್ಡ ಹಡಗುಗಳು ತೀರದ ಹತ್ತಿರ ಬರುವಂತಿರಲಿಲ್ಲ, ತಳ ಮರಳಿಗೆ ತಾಗುತ್ತಿತ್ತು. ಥೇಮ್ಸ್‌ನ ಕೆಸರಿಗೆಂದು ಕಟ್ಟಿದ ಈ ತಗ್ಗು ದೋಣಿಯಾದರೋ ತೀರದ ಹತ್ತಿರಕ್ಕೆ ಹೋಗಬಲ್ಲದು. ಐನೂರಕ್ಕೂ ಜಾಸ್ತಿ ಸೈನಿಕರನ್ನು ತೀರದಿಂದ ಹಡಗುಗಳಿಗೆ ಸಾಗಿಸಿತು. ನೂರಕ್ಕೂ ಜಾಸ್ತಿ ಜನರನ್ನು ತಾನೇ ಇಂಗ್ಲೆಂಡಿಗೆ ಕರೆತಂದಿತು. ಕೊನೆಗೆ ಎಮಿಲ್ ಡೆಶಾಂ ಎಂಬ ಫ್ರೆಂಚ್ ಹಡಗು ನೀರಿನೊಳಗಿನ ಸಿಡಿಗುಂಡಿಗೆ ಸಿಕ್ಕಿ ಮುಳುಗಿದಾಗ ಸುಮಾರು 40 ಜನರನ್ನು ನೀರಿನಿಂದ ಮೇಲೆತ್ತಿತು. ದೋಣಿಯ ಮುಂದಾಳಾಗಿದ್ದ ಅಗ್ನಿಶಾಮಕ ಅಧಿಕಾರಿ ಮೇ ಅವರಿಗೆ ನೌಕಾಪಡೆಯ ಪದಕ ಬಂತು.

ಅದೇ ವರ್ಷ ಲಂಡನ್ ಮೇಲೆ ಬಾಂಬು ಬಿದ್ದಾಗ ದೋಣಿ ತನ್ನ ಹಳೆ ಕೆಲಸಕ್ಕೆ ಮರಳಿತು. ಡಿಸೆಂಬರ್ 29ರ ರಾತ್ರಿಯಂತೂ ಊರಿನ ದೊಡ್ಡ ನೀರಿನ ಪೈಪುಗಳು ಒಡೆದಿದ್ದವು, ನದಿಯೂ ಇಳಿತದಲ್ಲಿತ್ತು. ದಡದಿಂದ ಪೈಪು ಬಿಟ್ಟರೆ ಸಿಗುವುದು ಬರೀ ಕೆಸರು. ಇಂಥ ಹೊತ್ತಿನಲ್ಲಿ ನದಿ ಮಧ್ಯೆ ನಿಂತು ನೀರೆತ್ತುವ ದೋಣಿಗಳ ಬೆಲೆ ಎಷ್ಟು, ಯೋಚಿಸಿ.

1971ರಲ್ಲಿ ಅದನ್ನು ಕೆಲಸದಿಂದ ಬಿಡಿಸಿದರು. ಆಮೇಲೆ ಸುಮ್ನೆ ಕಟ್ಟಿಹಾಕಿ, ತುಕ್ಕು ಹಿಡಿಯಿತು. ಉಳಿಸಿದ್ದು ಸ್ವಯಂಸೇವಕರ ಒಂದು ಸಂಘ. ಅವರು ವರ್ಷಗಟ್ಟಲೆ ದುಡಿದರು, ಪರಂಪರೆ ಉಳಿಸಲು ಬ್ರಿಟನ್ನಿನ ರಾಷ್ಟ್ರೀಯ ಲಾಟರಿ ಕೊಡುವ ನಿಧಿಯಿಂದ ಹಣ ತಂದರು, ಗ್ಲಾಸ್ಟರ್‌ನಲ್ಲಿ ದುರಸ್ತಿ ಮಾಡಿಸಿದರು. ದೋಣಿ ಮತ್ತೆ ಲಂಡನ್‌ಗೆ ಬಂತು.

ನಿಮ್ಮ ಮಗಳು ಅಲ್ಲೇ ಓದುತ್ತಿದ್ದಾಳೆ ಅಂದಿರಲ್ಲ, ಒಮ್ಮೆ ಹೋಗಿ ನೋಡಲು ಹೇಳಿ. ಅವಳು ಫೋಟೊ ಕಳಿಸಿದರೆ ಖಂಡಿತ ಅಚ್ಚು ಹಾಕುತ್ತೇವೆ.

– ಸಂ.