ಭೂಮಿ ಕೈಗೆ ಬಂದರೆ ಸಮಾಜವೂ ಬದಲಾಗುತ್ತದೆಯೇ?

ದುಡಿಮೆಯ ಸಂಬಂಧ, ಅಂದರೆ ಭೂಮಿ ಯಾರದ್ದು, ದುಡಿಯುವವರು ಯಾರು ಎಂಬುದು, ಬದಲಾದರೆ ಸಮಾಜವೂ ಬದಲಾಗುತ್ತದೆ ಅಂತ ಮಾರ್ಕ್ಸ್ ಹೇಳಿದ್ದು ನಿಜವೇ ಎಂದು ಕೇಳಿದ್ದೀರಿ. ಬಹುಮಟ್ಟಿಗೆ ನಿಜ, ಪೂರ್ತಿ ಅಲ್ಲ. ನಮ್ಮ ಕಾಸರಗೋಡನ್ನೇ ನೋಡಿ.

ಇಲ್ಲಿ ಒಕ್ಕಲುಗಳು ಗೇಣಿಯ ಅಕ್ಕಿ ಹೊತ್ತು ಧಣಿಗಳ ಮನೆಗೆ ಹೋಗುತ್ತಿದ್ದರು. ನನ್ನ ಅಜ್ಜನೂ ಹೋದವರೇ. ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದ ಅಕ್ಕಿ ಮುಡಿಯನ್ನು ಅಂಗಳದಲ್ಲಿ ಇಳಿಸಿ ಅಲ್ಲೇ ನಿಲ್ಲಬೇಕಿತ್ತು. ಜಗಲಿ ಹತ್ತುವಂತಿರಲಿಲ್ಲ. 1970ರ ಜನವರಿ 1ರಿಂದ ಕೇರಳದಲ್ಲಿ ಗೇಣಿ ಪದ್ಧತಿಯೇ ರದ್ದಾಯಿತು. ಉಳುತ್ತಿದ್ದ ಗದ್ದೆ ಅಜ್ಜನದ್ದೇ ಆಯಿತು. ಮುಡಿ ಹೊರುವುದು ನಿಂತ ಮೇಲೆ ಕೈಕಟ್ಟಿ ನಿಲ್ಲುವುದೂ ನಿಂತಿತು. ಯಾರೋ ಬುದ್ಧಿ ಹೇಳಿ ಆದದ್ದಲ್ಲ ಅದು. ಇಲ್ಲಿಯವರೆಗೆ ಮಾರ್ಕ್ಸ್ ಸರಿ.

ಆದರೆ ಕಾನೂನು ಸುಮ್ನೆ ಬರಲಿಲ್ಲ, ಅಲ್ವಾ? 1941ರಲ್ಲೇ ಇಲ್ಲಿನ ಕಯ್ಯೂರು ಎಂಬ ಹಳ್ಳಿಯ ರೈತರು ಜಮೀನ್ದಾರರ ವಿರುದ್ಧ ಎದ್ದು ನಿಂತಿದ್ದರು. 1943ರಲ್ಲಿ ಅವರಲ್ಲಿ ನಾಲ್ವರನ್ನು ಗಲ್ಲಿಗೇರಿಸಿದರು.

ಇನ್ನೊಂದು ಮಾತು ಹೇಳಲೇಬೇಕು, ನನ್ನನ್ನು ಜಾಸ್ತಿ ಕಾಡುವುದು ಅದೇ. ಗದ್ದೆ ಸಿಕ್ಕಿದ್ದು ಗೇಣಿದಾರನಿಗೆ. ಅದೇ ಗದ್ದೆಯಲ್ಲಿ ಬೆನ್ನು ಬಗ್ಗಿಸಿ ನೇಜಿ ನೆಟ್ಟ ದಲಿತ ಕೂಲಿಯವರಿಗೆ ದಕ್ಕಿದ್ದು ಗುಡಿಸಲಿನ ಜಾಗ ಮಾತ್ರ, ಪಂಚಾಯತಿನಲ್ಲಾದರೆ ಹೆಚ್ಚೆಂದರೆ 10 ಸೆಂಟ್ಸ್. ಆಸ್ತಿಯ ವರ್ಗ ಬೇರೆ, ಸಮಾಜ ಕೊಡುವ ಅಂತಸ್ತು ಬೇರೆ ಎಂದು ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್ ಹೇಳಿದ್ದು ಇಲ್ಲಿ ಕಣ್ಣಿಗೆ ಕಾಣುತ್ತದೆ. ಧಣಿಗಳ ಅಂಗಳದಿಂದ ಬಿಡುಗಡೆಯಾದ ನಮ್ಮ ಅಜ್ಜನ ಜಗಲಿಯನ್ನು ಆ ಕೂಲಿಯವರು ಆಮೇಲೂ ಎಷ್ಟೋ ವರ್ಷ ಹತ್ತಲಿಲ್ಲ.