ಕಾಲೇಜು ಐಸ್ ಹಾಕಿ: ತವರಿನ ರಿಂಕ್ ತಂಡಕ್ಕೆ ಕೊಡುವ ಬಲ ಎಂಥದು?

ಪ್ರಶ್ನೆ: ನನ್ನ ಮಗಳು ಅಮೆರಿಕದ ಇಥಾಕಾದಲ್ಲಿರುವ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಳೆ. ಅಲ್ಲಿನ ಲೈನಾ ರಿಂಕ್‌ನಲ್ಲಿ ನಡೆಯುವ ಐಸ್ ಹಾಕಿ ಪಂದ್ಯಗಳನ್ನು ತಪ್ಪದೆ ನೋಡುವ ಅವಳು, ಹೊರಗಿನ ತಂಡಗಳಿಗೆ ಆ ಅಂಗಳದಲ್ಲಿ ಗೆಲ್ಲುವುದು ಬಹಳ ಕಷ್ಟ ಎನ್ನುತ್ತಾಳೆ. ಕ್ರಿಕೆಟ್‌ನಲ್ಲಾದರೆ ಆತಿಥೇಯರು ತಮಗೆ ಬೇಕಾದಂಥ ಪಿಚ್ ಸಿದ್ಧಪಡಿಸಿಕೊಳ್ಳುತ್ತಾರೆ. ಆದರೆ ಮಂಜುಗಡ್ಡೆ ಎಲ್ಲ ಕಡೆಯೂ ಒಂದೇ ಅಲ್ಲವೇ? ಹಾಗಾದರೆ ಇದೆಲ್ಲ ಪ್ರೇಕ್ಷಕರ ಗದ್ದಲದ ಪ್ರಭಾವವೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಗದ್ದಲದ ಪಾಲು ದೊಡ್ಡದೇ, ಆದರೆ ಅದಷ್ಟೇ ಅಲ್ಲ. ಮಂಜುಗಡ್ಡೆಯೂ ಎಲ್ಲ ಕಡೆ ಒಂದೇ ಆಗಿರುವುದಿಲ್ಲ. ಕಾಂಕ್ರೀಟ್ ಹಾಸಿನೊಳಗಿನ ಕೊಳವೆಗಳಲ್ಲಿ ಅತಿಶೀತಲ ದ್ರವವನ್ನು ಹರಿಸಿ, ಮೇಲೆ ತೆಳುವಾಗಿ ನೀರನ್ನು ಪದರ ಪದರವಾಗಿ ಹೆಪ್ಪುಗಟ್ಟಿಸಿ ಈ ಅಂಗಳವನ್ನು ಸಿದ್ಧಪಡಿಸುತ್ತಾರೆ. ಕಟ್ಟಡ ಹಳೆಯದಾಗಿದ್ದು, ಒಳಗಿನ ತೇವಾಂಶವನ್ನು ಹೊರಹಾಕುವ ವ್ಯವಸ್ಥೆ ದುರ್ಬಲವಾಗಿದ್ದರೆ, ಸಾವಿರಾರು ಜನ ಸೇರಿದಾಗ ಮೇಲ್ಪದರ ಮೆತ್ತಗಾಗುತ್ತದೆ; ಆಗ ಪಕ್ (ಚೆಂಡಿನ ಬದಲು ಬಳಸುವ ಗಟ್ಟಿ ರಬ್ಬರಿನ ಬಿಲ್ಲೆ) ನುಣುಪಾಗಿ ಜಾರದೆ ಪುಟಿಯತೊಡಗುತ್ತದೆ. ಹೀಗೆ ಪುಟಿಯುವುದು ಕಡಿಮೆಯಾಗಲೆಂದೇ ಪಂದ್ಯಕ್ಕೆ ಮುನ್ನ ಪಕ್‌ಗಳನ್ನು ಫ್ರೀಜರ್‌ನಲ್ಲಿ ಇಟ್ಟಿರುತ್ತಾರೆ. ಚಿಕ್ಕ ಚಿಕ್ಕ ಪಾಸ್‌ಗಳನ್ನೇ ನೆಚ್ಚಿಕೊಂಡ ತಂಡಕ್ಕೆ ಇಂಥ ಅಂಗಳ ತೊಡಕು. ಅದರಲ್ಲೇ ನಿತ್ಯ ಅಭ್ಯಾಸ ಮಾಡುವವರು ಪಕ್ಕನ್ನು ಯಾವಾಗ ನೇರವಾಗಿ ಮುಂದಕ್ಕೆ ಹೊಡೆದುಬಿಡಬೇಕು ಎಂಬುದನ್ನು ಅರಿತಿರುತ್ತಾರೆ.

ಅಂಗಳವನ್ನು ಸುತ್ತುವರಿದ ಗೋಡೆ ಮತ್ತು ಅದರ ಮೇಲಿನ ಗಾಜಿನ ವಿಚಾರವನ್ನು ನಾನು ಇದಕ್ಕಿಂತಲೂ ಮುಖ್ಯವೆಂದು ಎಣಿಸುತ್ತೇನೆ. ಎದುರಾಳಿ ದೂರದಿಂದ ಪಕ್ಕನ್ನು ಗೋಡೆಗುಂಟ ಜೋರಾಗಿ ಹೊಡೆದಾಗ, ಅದು ಮೂಲೆಯ ತಿರುವನ್ನು ಬಳಸಿಕೊಂಡು ಗೋಲಿನ ಹಿಂಬದಿಗೆ ಬರುತ್ತದೆ. ಗೋಲ್‌ಕೀಪರ್ ಸಾಮಾನ್ಯವಾಗಿ ತನ್ನ ಜಾಗ ಬಿಟ್ಟು ಹಿಂದೆ ಸರಿದು ಅದನ್ನು ತಡೆದು ನಿಲ್ಲಿಸುತ್ತಾನೆ. ಆ ಹೊತ್ತಿನಲ್ಲಿ ಪಕ್ ಎರಡು ಹಲಗೆಗಳು ಕೂಡುವ ಜಾಗಕ್ಕೋ ಗಾಜನ್ನು ಹಿಡಿದಿರುವ ಕಂಬಕ್ಕೋ ತಗುಲಿ ದಿಕ್ಕು ಬದಲಿಸಿದರೆ, ಅದು ಅವನಿಗೆ ಸಿಗದೆ ತೆರವಾದ ಗೋಲಿನ ಮುಂದಕ್ಕೇ ಬಂದು ಬೀಳುತ್ತದೆ. ಯಾವ ಮೂಲೆಯಲ್ಲಿ ಪಕ್ ಹಾಗೆ ಸಿಡಿಯುತ್ತದೆ, ಯಾವ ಬದಿಯ ಗೋಡೆ ಅದರ ವೇಗವನ್ನು ನುಂಗುತ್ತದೆ ಎಂಬುದು ತವರಿನ ಗೋಲ್‌ಕೀಪರನಿಗೆ ದಿನನಿತ್ಯದ ಅಭ್ಯಾಸದಿಂದ ಗೊತ್ತಿರುತ್ತದೆ. ಪಂದ್ಯದ ದಿನ ಬೆಳಿಗ್ಗೆ ಅಲ್ಪಕಾಲ ಸ್ಕೇಟ್ ಮಾಡಿ ನೋಡುವ ಅತಿಥಿಗೆ ಅಷ್ಟು ತಿಳಿಯಲು ಸಾಧ್ಯವಿಲ್ಲ.

ಅಳತೆಯೂ ಎಲ್ಲೆಡೆ ಒಂದೇ ಅಲ್ಲ. ಉತ್ತರ ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಎಚ್‌ಎಲ್‌ನ ರಿಂಕ್ 200 ಅಡಿ ಉದ್ದ, 85 ಅಡಿ ಅಗಲವಿರುತ್ತದೆ. ಮಿನ್ನೆಸೋಟ ವಿಶ್ವವಿದ್ಯಾಲಯ 1993ರಲ್ಲಿ ತೆರೆದ ಮರಿಯುಚಿ ಅರೀನಾದಲ್ಲಿ ಅಗಲ 100 ಅಡಿಯಷ್ಟಿತ್ತು. ಕಿರಿದಾದ ರಿಂಕ್‌ನಿಂದ ಬಂದ ರಕ್ಷಣಾ ಆಟಗಾರ ಅಲ್ಲಿ ಪಕ್ಕನ್ನು ಬೆನ್ನಟ್ಟಿ ಅಂಚಿನವರೆಗೂ ಹೋದರೆ, ನಡು ಭಾಗ ಬರಿದಾಗುತ್ತಿತ್ತು. ವೇಗದ ಸ್ಕೇಟರ್‌ಗಳಿರುವ ತಂಡಕ್ಕೆ ಅದು ವರ. ಅದೇ ವಿಶ್ವವಿದ್ಯಾಲಯ 2022ರಲ್ಲಿ ಅಗಲವನ್ನು ತಗ್ಗಿಸಿ ಎನ್‌ಎಚ್‌ಎಲ್ ಅಳತೆಯ ಸಮೀಪಕ್ಕೆ ತಂದಿತು. ಆಟ ಚುರುಕಾದೀತು, ಆದರೆ ಆ ಅಂಗಳಕ್ಕಷ್ಟೇ ಸೇರಿದ್ದ ಒಂದು ಗುಣ ಅಲ್ಲಿಗೆ ಮುಗಿಯಿತಲ್ಲ ಎಂಬುದು ನನಗೆ ಬೇಸರದ ಸಂಗತಿ.

ನಿಯಮವೂ ಆತಿಥೇಯರ ಪರವಾಗಿದೆ. ಆಟ ನಿಂತಾಗಲೆಲ್ಲ ಅತಿಥಿ ತಂಡದ ಕೋಚ್ ತನ್ನ ಆಟಗಾರರನ್ನು ಮೊದಲು ಕಣಕ್ಕಿಳಿಸಬೇಕು; ಅವರನ್ನು ನೋಡಿಕೊಂಡು ತವರಿನ ಕೋಚ್ ತನ್ನವರನ್ನು ಇಳಿಸುತ್ತಾನೆ. ಎದುರಾಳಿಯ ಅತ್ಯುತ್ತಮ ಗೋಲುಗಾರನ ಮೇಲೆ ತನ್ನ ಗಟ್ಟಿ ರಕ್ಷಕರನ್ನು ಮತ್ತೆ ಮತ್ತೆ ಬಿಡಲು ಇದರಿಂದ ಸಾಧ್ಯವಾಗುತ್ತದೆ.

ಇನ್ನು ಗದ್ದಲದ ಮಾತು. 1957ರಲ್ಲಿ ಆರಂಭವಾದ ಲೈನಾದಲ್ಲಿ ನಾಲ್ಕು ಸಾವಿರಕ್ಕೂ ಸ್ವಲ್ಪ ಹೆಚ್ಚು ಜನರಷ್ಟೇ ಕೂರಬಹುದು. ಮಾಡು ತಗ್ಗು, ಆಸನಗಳು ಅಂಗಳಕ್ಕೆ ತೀರ ಹತ್ತಿರ, ಹೀಗಾಗಿ ಕೂಗು ಹೊರಹೋಗದೆ ಅಲ್ಲೇ ಮಾರ್ದನಿಸುತ್ತದೆ. ಅತಿಥಿ ಆಟಗಾರರ ಹೆಸರು ಹೇಳುವಾಗ ವಿದ್ಯಾರ್ಥಿಗಳು ದಿನಪತ್ರಿಕೆಗಳನ್ನು ಮುಖಕ್ಕೆ ಅಡ್ಡ ಹಿಡಿದು, ಓದುವುದರಲ್ಲೇ ಮುಳುಗಿದವರಂತೆ ಇರುತ್ತಾರೆ. ಕೊನೆಗೆ ಪತ್ರಿಕೆಗಳನ್ನು ಹರಿದು ಉಂಡೆ ಕಟ್ಟುತ್ತಾರೆ. ತವರಿನ ತಂಡ ಗೋಲು ಹೊಡೆದೊಡನೆ ಎದುರಾಳಿ ಗೋಲ್‌ಕೀಪರನನ್ನು ಜರಡಿ ಎಂದು ಒಕ್ಕೊರಲಿನಿಂದ ಹಂಗಿಸುತ್ತಾರೆ. ಹಾರ್ವರ್ಡ್ ತಂಡ ಬಂದಾಗ ಮೀನು ಎಸೆಯುವ ಪದ್ಧತಿಯೂ ಇದೆ. ಆದರೆ ಅಂಗಳಕ್ಕೆ ವಸ್ತು ಎಸೆದರೆ ತವರಿನ ತಂಡಕ್ಕೇ ದಂಡ ಬೀಳಬಹುದಾದ್ದರಿಂದ ನಿಮ್ಮ ಮಗಳು ಅದರಿಂದ ದೂರವಿರಲಿ.

ಈ ಕೂಗು ಆಟಗಾರರಿಗಿಂತ ಹೆಚ್ಚಾಗಿ ತೀರ್ಪುಗಾರರ ಮೇಲೆ ಕೆಲಸ ಮಾಡಬಹುದು. ಫುಟ್‌ಬಾಲ್‌ಗೆ ಸಂಬಂಧಿಸಿ ಇಂಗ್ಲೆಂಡಿನ ಸಂಶೋಧಕರು 2002ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಒಂದೇ ಪಂದ್ಯದ ದೃಶ್ಯಗಳನ್ನು ಅರ್ಹ ರೆಫರಿಗಳಲ್ಲಿ ಕೆಲವರಿಗೆ ಪ್ರೇಕ್ಷಕರ ಸದ್ದಿನೊಂದಿಗೆ, ಉಳಿದವರಿಗೆ ಸದ್ದಿಲ್ಲದೆ ತೋರಿಸಿದರು. ಸದ್ದು ಕೇಳಿಸಿಕೊಂಡವರು ತವರಿನ ತಂಡದ ವಿರುದ್ಧ ಕಡಿಮೆ ಫೌಲ್‌ಗಳನ್ನು ಕೊಟ್ಟರು. ಐಸ್ ಹಾಕಿಯಲ್ಲಿ ಒಂದು ತಪ್ಪಿಗೆ ಆಟಗಾರನೊಬ್ಬ ಎರಡು ನಿಮಿಷ ಹೊರಗೆ ಕೂರಬೇಕಾಗುವುದರಿಂದ, ತೀರ್ಪಿನಲ್ಲಿ ಆಗುವ ಸಣ್ಣ ವ್ಯತ್ಯಾಸಕ್ಕೂ ಬೆಲೆ ಹೆಚ್ಚು.

ಪ್ರಶ್ನೆ: ಹಳೆಯ ರಿಂಕ್ ಕೆಡವಿ ಹೊಸದನ್ನು ಕಟ್ಟಿದರೆ ಈ ಅನುಕೂಲ ಕಳೆದುಹೋಗುತ್ತದೆಯೇ?
– ಅದೇ ಓದುಗರು

ಉತ್ತರ: ಹಾಗೆಂದು ಖಚಿತವಾಗಿ ಹೇಳಲಾಗದು. ನಾರ್ತ್ ಡಕೋಟ ವಿಶ್ವವಿದ್ಯಾಲಯದ ರಾಲ್ಫ್ ಎಂಗಲ್‌ಸ್ಟಾಡ್ ಅರೀನಾ 2001ರಲ್ಲಿ ತೆರೆದದ್ದು. ಹನ್ನೊಂದು ಸಾವಿರಕ್ಕೂ ಹೆಚ್ಚು ಆಸನಗಳ ವೈಭವದ ಕಟ್ಟಡ. ಊರಿಗೆ ಊರೇ ಆಟದ ಹಿಂದೆ ನಿಲ್ಲುವುದರಿಂದ ಅಲ್ಲಿಗೆ ಹೋಗುವ ತಂಡಗಳಿಗೆ ಇಂದಿಗೂ ಕಷ್ಟವೇ. ಮಿಷಿಗನ್‌ನ ಯೋಸ್ಟ್ ಅರೀನಾ 1923ರಲ್ಲಿ ಬೇರೆ ಕ್ರೀಡೆಗಳಿಗೆಂದು ಕಟ್ಟಿದ್ದು. 1973ರಲ್ಲಿ ಅದನ್ನು ಐಸ್ ಹಾಕಿಗೆ ಮಾರ್ಪಡಿಸಿ, ಮುಂದೆ ಅದನ್ನೇ ಎದುರಾಳಿಗಳು ಅಂಜುವ ಅಂಗಳವಾಗಿ ಬೆಳೆಸಿದರು. ಆದರೆ ಬಾಸ್ಟನ್‌ನಲ್ಲಿ 1910ರಿಂದ ಇದ್ದ ಮ್ಯಾಥ್ಯೂಸ್ ಅರೀನಾದಂಥದ್ದನ್ನು ಮತ್ತೆ ಕಟ್ಟುವುದು ಅಸಾಧ್ಯ. 2025ರ ಡಿಸೆಂಬರಿನಲ್ಲಿ ಅಲ್ಲಿ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದ ತಂಡದ ಕೊನೆಯ ಪಂದ್ಯ ನಡೆಯಿತು. ಹೊಸದನ್ನು ಕಟ್ಟುವವರು ವಿದ್ಯಾರ್ಥಿಗಳ ಗ್ಯಾಲರಿಯನ್ನು ಗೋಲಿನ ಹಿಂದೆಯೇ, ಕಡಿದಾಗಿ, ಗಾಜಿಗೆ ಒತ್ತಿಕೊಂಡಂತೆ ಕಟ್ಟಲಿ ಎಂಬುದು ನನ್ನ ಕಳಕಳಿಯ ಮಾತು. 20 ನಿಮಿಷಗಳ ಮೂರು ಅವಧಿಗಳಲ್ಲಿ ತಂಡಗಳು ಪ್ರತಿ ಸಲವೂ ಬದಿ ಬದಲಿಸುವುದರಿಂದ, ಮೊದಲು ಆ ಬದಿಯಲ್ಲಿ ನಿಲ್ಲುವ ಅತಿಥಿ ಗೋಲ್‌ಕೀಪರ್ ಕೊನೆಯ ಅವಧಿಯಲ್ಲೂ ಅಲ್ಲೇ ನಿಲ್ಲಬೇಕಾಗುತ್ತದೆ.